ಟ್ರ್ಯಾಕ್ಟರಿನ ಮೀಟರುಗಳು ಮತ್ತು ಸ್ವಿಚ್ಚುಗಳು: ಜೋಡಣೆ ಮತ್ತು ಪಾಲನೆ

ಟ್ರ್ಯಾಕ್ಟರು ಹೊಸದಾಗಿದ್ದಾಗ ಚಾಲಕನ ಮುಂದಿರುವ ಮೀಟರುಗಳೆಲ್ಲವೂ ಸರಿಯಾಗಿ ಕೆಲಸ ಮಾಡುತ್ತಿರುತ್ತವೆ. ಬಿಸಿಲು, ಧೂಳು, ಕೆಸರು, ಎಡೆಬಿಡದ ಅದುರಾಟ ಮತ್ತು ಶೆಡ್ಡಿನಲ್ಲಿ ತಂತಿ ಕಡಿಯುವ ಇಲಿಗಳ ಕಾಟದಿಂದ ಕಾಲಕ್ರಮದಲ್ಲಿ ಅವು ಒಂದೊಂದಾಗಿ ಕೆಡುತ್ತವೆ. ಮೀಟರು ಕೆಟ್ಟರೂ ಉಳುಮೆ ನಿಲ್ಲುವುದಿಲ್ಲ. ಆದುದರಿಂದ ಅದರ ದುರಸ್ತಿಯನ್ನು ಅನೇಕರು ಮುಂದಕ್ಕೆ ಹಾಕುತ್ತಾರೆ. ಇದು ತಪ್ಪು.

ಪೆಟ್ರೋಲ್ ಎಂಜಿನ್ನಿಗೆ ವಿದ್ಯುತ್ತಿನ ಕಿಡಿ ಬೇಕು. ವಿದ್ಯುತ್ತು ನಿಂತರೆ ಎಂಜಿನ್ನೂ ನಿಲ್ಲುತ್ತದೆ. ಕೈಯಿಂದ ಗುಂಡಿ ಎಳೆದು ನಿಲ್ಲಿಸುವ ಮಾದರಿಯ ಡೀಸೆಲ್ ಟ್ರ್ಯಾಕ್ಟರು ಹಾಗಲ್ಲ. ಅದರ ಡೀಸೆಲ್ ಪಂಪನ್ನು ಎಂಜಿನ್ನೇ ಗೇರಿನ ಮೂಲಕ ತಿರುಗಿಸುತ್ತದೆ. ಒಮ್ಮೆ ಚಾಲೂ ಆದ ಮೇಲೆ ಫ್ಯೂಸು ಸುಟ್ಟರೂ, ತಂತಿ ಕಳಚಿದರೂ ಎಂಜಿನ್ನು ಓಡುತ್ತಲೇ ಇರುತ್ತದೆ. ಮೀಟರುಗಳು ಸತ್ತಿರುವುದು ಚಾಲಕನ ಗಮನಕ್ಕೆ ಬಾರದೆ ಹೋಗಬಹುದು. ಆ ಹೊತ್ತಿನಲ್ಲಿ ಆಯಿಲ್ ಕಡಿಮೆಯಾದರೆ ಅಥವಾ ರೇಡಿಯೇಟರಿನ ನೀರು ಬತ್ತಿದರೆ ಎಚ್ಚರಿಸುವವರು ಯಾರೂ ಇರುವುದಿಲ್ಲ. ಎಂಜಿನ್ನು ಹಿಡಿದುಕೊಂಡ ಮೇಲೆ ಬೇರಿಂಗು, ಪಿಸ್ಟನ್ನು, ಲೈನರು ಎಲ್ಲವನ್ನೂ ಬದಲಿಸಬೇಕಾಗುತ್ತದೆ. ಆ ಖರ್ಚಿನ ಮುಂದೆ ಒಂದು ಮೀಟರಿನ ಬೆಲೆ ಏನೂ ಅಲ್ಲ.

ಇನ್ನೊಂದು ಅಪಾಯವೂ ಇದೆ. ಮೀಟರನ್ನೋ ದೀಪವನ್ನೋ ಜೋಡಿಸುವಾಗ ಫ್ಯೂಸು ಹಾಕದೆ ತೆಳುವಾದ ತಂತಿಯನ್ನು ನೇರವಾಗಿ ಬ್ಯಾಟರಿಯಿಂದ ಎಳೆದರೆ ಟ್ರ್ಯಾಕ್ಟರಿಗೆ ಬೆಂಕಿ ಹತ್ತುವ ಸಂಭವವಿರುತ್ತದೆ. ಈ ಎರಡೂ ಅಪಾಯಗಳಿಂದ ಪಾರಾಗುವ ಕ್ರಮವನ್ನು ಇಲ್ಲಿ ವಿವರಿಸಿದೆ. ಸಾಮಾನ್ಯ ಸ್ಪ್ಯಾನರು, ಕಟಿಂಗ್ ಪ್ಲೈಯರು ಬಳಸಬಲ್ಲ ರೈತರು ಈ ಕೆಲಸಗಳಲ್ಲಿ ಹೆಚ್ಚಿನವನ್ನು ತಾವೇ ಮಾಡಿಕೊಳ್ಳಬಹುದು.

ಯಾವ ಮೀಟರು ಏನು ಹೇಳುತ್ತದೆ?

ಆಯಿಲ್ ಪ್ರೆಶರ್ ಮೀಟರು: ಎಂಜಿನ್ನಿನ ಬೇರಿಂಗುಗಳಿಗೆ ಆಯಿಲ್ ಒತ್ತಡದಿಂದ ತಲುಪುತ್ತಿದೆಯೇ ಎಂಬುದನ್ನು ಇದು ತೋರಿಸುತ್ತದೆ. ಕೆಲವು ಟ್ರ್ಯಾಕ್ಟರುಗಳಲ್ಲಿ ಮುಳ್ಳಿನ ಬದಲು ಕೆಂಪು ದೀಪವಿರುತ್ತದೆ. ಕೀ ತಿರುಗಿಸಿದಾಗ ಈ ದೀಪ ಹೊತ್ತಬೇಕು, ಎಂಜಿನ್ನು ಚಾಲೂ ಆದೊಡನೆ ಆರಬೇಕು. ಕೀ ತಿರುಗಿಸಿದಾಗಲೂ ದೀಪ ಹೊತ್ತದಿದ್ದರೆ ಎಲ್ಲವೂ ಸರಿಯಾಗಿದೆ ಎಂದು ಅರ್ಥವಲ್ಲ. ಬಲ್ಬು ಹೋಗಿದೆ ಅಥವಾ ತಂತಿ ಕಳಚಿದೆ ಎಂದು ತಿಳಿಯಬೇಕು. ಓಡುತ್ತಿರುವಾಗ ದೀಪ ಹೊತ್ತಿದರೆ ಅಥವಾ ಮುಳ್ಳು ಕೆಳಗೆ ಬಿದ್ದರೆ ಆ ಕ್ಷಣವೇ ಎಂಜಿನ್ನನ್ನು ನಿಲ್ಲಿಸಬೇಕು. ಸಾಲು ಮುಗಿಸಿ ನಿಲ್ಲಿಸುವೆನೆಂದು ಮುಂದುವರಿಯಬಾರದು.

ಉಷ್ಣತೆಯ ಮೀಟರು: ಇದು ಎಂಜಿನ್ನಿನ ಸುತ್ತ ಹರಿಯುವ ನೀರಿನ ಬಿಸಿಯನ್ನು ತೋರಿಸುತ್ತದೆ. ಮುಳ್ಳು ಹಸಿರು ಪಟ್ಟಿಯಲ್ಲಿರಬೇಕು. ಕೆಂಪಿನತ್ತ ಏರಿದರೆ ಮೊದಲು ಹೊರೆಯನ್ನು ಇಳಿಸಿ, ಗೇರು ತಪ್ಪಿಸಿ, ಎಂಜಿನ್ನನ್ನು ಕೆಲವು ನಿಮಿಷ ನಿಧಾನವಾಗಿ ಓಡಲು ಬಿಡಬೇಕು. ನೀರು ಸೋರಿಹೋಗಿದ್ದರೆ ಅಥವಾ ಫ್ಯಾನ್ ಬೆಲ್ಟು ತುಂಡಾಗಿದ್ದರೆ ಮಾತ್ರ ತಕ್ಷಣ ನಿಲ್ಲಿಸಬೇಕು. ಬಿಸಿಯಾಗಿರುವ ರೇಡಿಯೇಟರಿನ ಮುಚ್ಚಳವನ್ನು ತೆರೆಯಬಾರದು. ಒಕ್ಕಣೆಯ ಕಾಲದಲ್ಲಿ ಹೊಟ್ಟು ಹಾರಿ ರೇಡಿಯೇಟರಿನ ಸಂದುಗಳಲ್ಲಿ ತುಂಬಿಕೊಳ್ಳುವುದು ಬಿಸಿ ಏರಲು ಒಂದು ಮುಖ್ಯ ಕಾರಣ.

ಆಂಪಿಯರ್ ಮೀಟರು ಅಥವಾ ವೋಲ್ಟ್ ಮೀಟರು: ಆಂಪಿಯರ್ ಮೀಟರು ಬ್ಯಾಟರಿಗೆ ವಿದ್ಯುತ್ತು ಸೇರುತ್ತಿದೆಯೋ, ಅದರಿಂದ ಹೋಗುತ್ತಿದೆಯೋ ಎಂಬುದನ್ನು ತಿಳಿಸುತ್ತದೆ. ವೋಲ್ಟ್ ಮೀಟರು ಬ್ಯಾಟರಿಯ ಸ್ಥಿತಿಯನ್ನು ಹೇಳುತ್ತದೆ. ಪೂರ್ಣ ಚಾರ್ಜಾದ ಬ್ಯಾಟರಿಯು ಎಂಜಿನ್ನು ನಿಂತು ಕೆಲವು ಗಂಟೆಗಳಾದ ಮೇಲೆ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ಇದ್ದರೆ ಅರ್ಧದಷ್ಟೇ ಚಾರ್ಜು ಉಳಿದಿದೆ ಎಂದು ತಿಳಿಯಬೇಕು. ಎಂಜಿನ್ನು ಓಡುತ್ತಿರುವಾಗ 13.8ರಿಂದ 14.4 ವೋಲ್ಟ್ ಇರಬೇಕು. 13ಕ್ಕಿಂತ ಕಡಿಮೆಯಿದ್ದರೆ ಬೆಲ್ಟು ಸಡಿಲವಾಗಿರಬಹುದು ಅಥವಾ ಆಲ್ಟರ್ನೇಟರ್ ಕೆಟ್ಟಿರಬಹುದು. 15ನ್ನು ಮೀರಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯ ನೀರು ಕುದಿದು ಬತ್ತುತ್ತದೆ.

ಗಂಟೆ ಮೀಟರು: ಆಯಿಲ್ ಮತ್ತು ಫಿಲ್ಟರ್ ಬದಲಿಸುವ ಕಾಲವನ್ನು ತಿಳಿಯಲು ಇದೇ ಆಧಾರ. ಕೇಬಲಿನಿಂದ ತಿರುಗುವ ಮೀಟರು ಎಂಜಿನ್ನಿನ ಸುತ್ತುಗಳನ್ನು ಎಣಿಸುತ್ತದೆಯೇ ಹೊರತು ಗಡಿಯಾರದ ಗಂಟೆಗಳನ್ನಲ್ಲ. ನಿಮಿಷಕ್ಕೆ 1500 ಸುತ್ತಿಗೆ ಹೊಂದಿಸಿದ ಮೀಟರು, ಎಂಜಿನ್ನು 750 ಸುತ್ತಿನಲ್ಲಿ ಒಂದು ಗಂಟೆ ಓಡಿದರೆ ಅರ್ಧ ಗಂಟೆಯನ್ನಷ್ಟೇ ದಾಖಲಿಸುತ್ತದೆ. ಬಾಡಿಗೆಗೆ ಟ್ರ್ಯಾಕ್ಟರು ಕೊಡುವವರು ಇದನ್ನು ಗಮನದಲ್ಲಿಡಬೇಕು.

ಎರಡು ಮೀಟರುಗಳನ್ನು ಒಟ್ಟಿಗೆ ನೋಡುವ ಅಭ್ಯಾಸವಿರಲಿ. ಬಹುತೇಕ ಟ್ರ್ಯಾಕ್ಟರುಗಳಲ್ಲಿ ಫ್ಯಾನು, ನೀರಿನ ಪಂಪು ಮತ್ತು ಆಲ್ಟರ್ನೇಟರನ್ನು ಒಂದೇ ಬೆಲ್ಟು ತಿರುಗಿಸುತ್ತದೆ. ಚಾರ್ಜು ಬೀಳುವುದೂ ಬಿಸಿ ಏರುವುದೂ ಒಟ್ಟಿಗೆ ಕಂಡರೆ ಬೆಲ್ಟು ತುಂಡಾಗಿದೆ ಅಥವಾ ಜಾರುತ್ತಿದೆ ಎಂದೇ ತಿಳಿದು ತಕ್ಷಣ ನಿಲ್ಲಿಸಿ ನೋಡಿರಿ.

ಕೆಟ್ಟಿರುವುದು ಯಾವುದು?

ಮೀಟರು ಕೆಲಸ ಮಾಡದಿದ್ದರೆ ಹೊಸದನ್ನು ತರುವ ಮೊದಲು ಪರೀಕ್ಷಿಸಬೇಕು. ಅನೇಕ ವೇಳೆ ಮೀಟರು ಚೆನ್ನಾಗಿಯೇ ಇದ್ದು, ತಂತಿ ಅಥವಾ ಎಂಜಿನ್ನಿನಲ್ಲಿ ಕೂರಿಸಿದ ಸೆನ್ಸರು ಕೆಟ್ಟಿರುತ್ತದೆ.

ಮೀಟರುಗಳಲ್ಲಿ ಎರಡು ವಿಧ. ಮೊದಲನೆಯದು ನಳಿಗೆಯ ಮೀಟರು. ಉಷ್ಣತೆಯ ಮೀಟರಿನಲ್ಲಿ ತೆಳುವಾದ ಲೋಹದ ನಳಿಗೆಯೊಳಗೆ ದ್ರವ ತುಂಬಿರುತ್ತದೆ. ಈ ನಳಿಗೆಯನ್ನು ಕತ್ತರಿಸುವುದಾಗಲಿ, ಚೂಪಾಗಿ ಮಡಿಸುವುದಾಗಲಿ ಮಾಡಬಾರದು. ಉದ್ದ ಹೆಚ್ಚಾದರೆ ದೊಡ್ಡ ಸುರುಳಿಯಾಗಿ ಸುತ್ತಿ ಕಟ್ಟಬೇಕು. ಒಮ್ಮೆ ತುಂಡಾದರೆ ಇಡೀ ಮೀಟರನ್ನೇ ಬದಲಿಸಬೇಕು. ಆಯಿಲ್ ಪ್ರೆಶರಿನ ನಳಿಗೆಯಲ್ಲಿ ಎಂಜಿನ್ನಿನ ಆಯಿಲೇ ಮೀಟರಿನವರೆಗೆ ಬರುತ್ತದೆ. ಅದು ಕಬ್ಬಿಣಕ್ಕೆ ಉಜ್ಜಿ ತೂತಾದರೆ ಆಯಿಲ್ ಎಲ್ಲವೂ ಸೋರಿಹೋಗುತ್ತದೆ.

ಎರಡನೆಯದು ವಿದ್ಯುತ್ ಮೀಟರು. ಇದರ ಉಷ್ಣತೆಯ ಸೆನ್ಸರಿನೊಳಗಿನ ವಸ್ತುವು ಬಿಸಿಯಾದಷ್ಟೂ ವಿದ್ಯುತ್ತನ್ನು ಹೆಚ್ಚಾಗಿ ಬಿಡುತ್ತದೆ, ಮುಳ್ಳು ಮೇಲೇರುತ್ತದೆ. ಒಂದೇ ತಂತಿಯ ಸೆನ್ಸರನ್ನು ಹೀಗೆ ಪರೀಕ್ಷಿಸಿರಿ:

1. ಕೀ ತಿರುಗಿಸಿ, ಎಂಜಿನ್ನನ್ನು ಚಾಲೂ ಮಾಡದೆ, ಸೆನ್ಸರಿನ ತಂತಿಯನ್ನು ಕಳಚಿರಿ. ಮುಳ್ಳು ತಣ್ಣನೆಯ ಕಡೆಗೆ ಇರಬೇಕು.
2. ಆ ತಂತಿಯ ತುದಿಯನ್ನು ಎಂಜಿನ್ನಿನ ಬಣ್ಣವಿಲ್ಲದ ಜಾಗಕ್ಕೆ ಕ್ಷಣಕಾಲ ಮುಟ್ಟಿಸಿರಿ. ಮುಳ್ಳು ಬಿಸಿಯ ಕಡೆಗೆ ಚಲಿಸಿದರೆ ಮೀಟರೂ ತಂತಿಯೂ ಸರಿಯಾಗಿವೆ, ಸೆನ್ಸರು ಕೆಟ್ಟಿದೆ.
3. ಮುಳ್ಳು ಅಲುಗದಿದ್ದರೆ ಮೀಟರಿನ ಹಿಂಬದಿಗೆ ಕರೆಂಟು ಬರುತ್ತಿದೆಯೇ ಎಂದು ಟೆಸ್ಟ್ ಲ್ಯಾಂಪಿನಿಂದ ನೋಡಿರಿ.
4. ಎಲ್ಲ ಮೀಟರುಗಳೂ ಒಟ್ಟಿಗೆ ಕೆಟ್ಟಿದ್ದರೆ ದೋಷವು ಮೀಟರುಗಳಲ್ಲಿರುವುದಿಲ್ಲ. ಅವೆಲ್ಲಕ್ಕೂ ಸೇರಿದ ಫ್ಯೂಸು ಅಥವಾ ಅರ್ತ್ ತಂತಿಯನ್ನು ನೋಡಬೇಕು.

ಹೊಸದಾಗಿ ತಂದ ನಳಿಗೆಯ ಮೀಟರನ್ನು ಕೂರಿಸುವ ಮೊದಲು ಅದರ ಬಲ್ಬನ್ನು ಕುದಿಯುವ ನೀರಿನಲ್ಲಿ ಅದ್ದಿ ನೋಡಬಹುದು. ಮಂಗಳೂರಿನಂತಹ ಕರಾವಳಿಯಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಮುಳ್ಳು ಇದರ ಹತ್ತಿರ ನಿಂತರೆ ಮೀಟರು ಸರಿಯಾಗಿದೆ.

ವಿದ್ಯುತ್ತಿನ ದಾರಿ

ಹೊಲಕ್ಕೆ ನೀರು ಹಾಯಿಸುವವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಬ್ಯಾಟರಿಯು ಬಾವಿ, ತಂತಿಯು ಕಾಲುವೆ, ಸ್ವಿಚ್ಚು ತೂಬು. ಒಂದು ವ್ಯತ್ಯಾಸವೆಂದರೆ ಇಲ್ಲಿ ಹೋದದ್ದು ಮರಳಿ ಬ್ಯಾಟರಿಗೇ ಬರಬೇಕು. ಹಾಗೆ ಮರಳುವ ದಾರಿ ಟ್ರ್ಯಾಕ್ಟರಿನ ಕಬ್ಬಿಣದ ಮೈ. ಇದಕ್ಕೆ ಅರ್ತ್ ಎನ್ನುತ್ತೇವೆ. ಅರ್ತ್ ತಂತಿ ಕೂರುವ ಜಾಗದಲ್ಲಿ ಬಣ್ಣ, ತುಕ್ಕು ಅಥವಾ ಗ್ರೀಸು ಇದ್ದರೆ ದಾರಿ ಕಟ್ಟಿಹೋಗಿ ಮೀಟರು ತಪ್ಪು ತೋರಿಸುತ್ತದೆ, ದೀಪ ಮಂಕಾಗುತ್ತದೆ. ಮರಳು ಕಾಗದದಿಂದ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ ಬೋಲ್ಟು ಬಿಗಿಯಬೇಕು.

ಇಂದಿನ ಟ್ರ್ಯಾಕ್ಟರುಗಳಲ್ಲಿ ಬ್ಯಾಟರಿಯ ಮೈನಸ್ ತುದಿಯು ಮೈಗೆ ಸೇರಿರುತ್ತದೆ. ಹಿಂದೆ ಇಂಗ್ಲೆಂಡಿನಿಂದ ಬಂದ ಕೆಲವು ಹಳೆಯ ಯಂತ್ರಗಳಲ್ಲಿ ಪ್ಲಸ್ ತುದಿ ಮೈಗೆ ಸೇರಿತ್ತು. ಅಂತಹ ಟ್ರ್ಯಾಕ್ಟರು ನಿಮ್ಮಲ್ಲಿದ್ದರೆ ಮೊದಲು ಇದನ್ನು ನೋಡಿಕೊಳ್ಳಿರಿ. ಹಿಂದುಮುಂದಾದರೆ ಎಲೆಕ್ಟ್ರಾನಿಕ್ ಮೀಟರುಗಳು ಸುಟ್ಟುಹೋಗುತ್ತವೆ.

ಕೀ ಸ್ವಿಚ್ಚಿನ ಹಿಂದೆ ಅಂಕಿಗಳಿದ್ದರೆ ಅವುಗಳ ಅರ್ಥ ಸಾಮಾನ್ಯವಾಗಿ ಹೀಗಿರುತ್ತದೆ: 30 ಎಂದರೆ ಬ್ಯಾಟರಿಯಿಂದ ಸದಾ ಕರೆಂಟು ಇರುವ ತುದಿ, 15 ಎಂದರೆ ಕೀ ತಿರುಗಿಸಿದಾಗ ಕರೆಂಟು ಬರುವ ತುದಿ, 50 ಎಂದರೆ ಸ್ಟಾರ್ಟರಿಗೆ ಹೋಗುವ ತುದಿ. ಮೀಟರುಗಳಿಗೆ 15ರಿಂದ ಕರೆಂಟು ತೆಗೆದುಕೊಳ್ಳಬೇಕು. 30ರಿಂದ ತೆಗೆದುಕೊಂಡರೆ ಟ್ರ್ಯಾಕ್ಟರು ನಿಂತಿರುವಾಗಲೂ ಬ್ಯಾಟರಿ ಬರಿದಾಗುತ್ತದೆ.

ಫ್ಯೂಸು ಮತ್ತು ತಂತಿಯ ದಪ್ಪ

ಸ್ಟಾರ್ಟರನ್ನು ತಿರುಗಿಸಬಲ್ಲ ಬ್ಯಾಟರಿಯು ಕೆಲವು ನೂರು ಆಂಪಿಯರ್ ವಿದ್ಯುತ್ತನ್ನು ಒಮ್ಮೆಲೇ ಕೊಡಬಲ್ಲದು. ಫ್ಯೂಸಿಲ್ಲದ ತಂತಿಯ ಹೊದಿಕೆ ಸವೆದು ಮೈಗೆ ತಗುಲಿದರೆ ಕೆಲವೇ ಸೆಕೆಂಡುಗಳಲ್ಲಿ ಅದು ಕೆಂಪಗೆ ಕಾಯುತ್ತದೆ. ಮೇಲಿನ ಡೀಸೆಲ್ ಟ್ಯಾಂಕು, ಹಿಂದಿನ ಟ್ರೇಲರಿನಲ್ಲಿ ಹುಲ್ಲು ಅಥವಾ ಕಬ್ಬಿನ ತರಗು ಇದ್ದಾಗ ಇದರ ಪರಿಣಾಮವನ್ನು ಬೇರೆ ಹೇಳಬೇಕಾಗಿಲ್ಲ. ಫ್ಯೂಸು ಇರುವುದು ತಂತಿಯನ್ನು ಕಾಯಲು. ಆದುದರಿಂದ ಕರೆಂಟು ಹೊರಡುವ ಜಾಗಕ್ಕೆ ಆದಷ್ಟು ಹತ್ತಿರದಲ್ಲಿ ಅದನ್ನು ಹಾಕಬೇಕು. ದೀಪದ ಬಳಿ ಹಾಕಿದರೆ ಅದಕ್ಕಿಂತ ಹಿಂದಿನ ತಂತಿಗೆ ರಕ್ಷಣೆ ಇರುವುದಿಲ್ಲ.

ಎಷ್ಟು ಆಂಪಿಯರ್ ಬೇಕೆಂದು ತಿಳಿಯಲು ವ್ಯಾಟನ್ನು 12ರಿಂದ ಭಾಗಿಸಿರಿ. 55 ವ್ಯಾಟಿನ ಒಂದು ದೀಪಕ್ಕೆ 4.6 ಆಂಪಿಯರ್, ಎರಡಕ್ಕೆ 9.2 ಆಂಪಿಯರ್ ಬೇಕಾಗುತ್ತದೆ. ಇದಕ್ಕಿಂತ ಸುಮಾರು ಒಂದೂವರೆ ಪಟ್ಟು ಫ್ಯೂಸು ಸಾಕು. ಕೆಳಗಿನ ಅಳತೆಗಳನ್ನು ಬಳಸಬಹುದು:

ಮೀಟರುಗಳು ಮತ್ತು ಅವುಗಳ ಸಣ್ಣ ಬಲ್ಬುಗಳು: ತಂತಿ 1 ಚದರ ಮಿ.ಮೀ., ಫ್ಯೂಸು 5 ಆಂಪಿಯರ್.
55 ವ್ಯಾಟಿನ ಒಂದು ದೀಪ: ತಂತಿ 1.5 ಚದರ ಮಿ.ಮೀ., ಫ್ಯೂಸು 7.5 ಆಂಪಿಯರ್.
55 ವ್ಯಾಟಿನ ಎರಡು ದೀಪಗಳು: ತಂತಿ 2.5 ಚದರ ಮಿ.ಮೀ., ಫ್ಯೂಸು 15 ಆಂಪಿಯರ್.

ತೆಳುವಾದ ತಂತಿ ಬಳಸಿದರೆ ಬೆಳಕೂ ನಷ್ಟವಾಗುತ್ತದೆ. ಎರಡು ದೀಪಗಳಿಗೆ 5 ಮೀಟರ್ ಉದ್ದದ 0.75 ಚದರ ಮಿ.ಮೀ. ತಾಮ್ರದ ತಂತಿ ಎಳೆದರೆ ಸುಮಾರು 1 ವೋಲ್ಟ್ ತಂತಿಯಲ್ಲಿಯೇ ಕಳೆದುಹೋಗುತ್ತದೆ. ಇದರಿಂದ ಸಾಮಾನ್ಯ ಬಲ್ಬಿನ ಬೆಳಕು ಸುಮಾರು ಕಾಲು ಭಾಗ ಕುಗ್ಗುತ್ತದೆ. 2.5 ಚದರ ಮಿ.ಮೀ. ತಂತಿಯಲ್ಲಿ ನಷ್ಟವು ಮೂರನೆಯ ಒಂದು ವೋಲ್ಟಿಗಿಂತ ಕಡಿಮೆ. ಎಲ್.ಇ.ಡಿ. ದೀಪಗಳಿಗೆ ಕಡಿಮೆ ವಿದ್ಯುತ್ತು ಸಾಕು. ಅವುಗಳ ಮೇಲೆ ಬರೆದಿರುವ ವ್ಯಾಟನ್ನು ನೋಡಿ ಇದೇ ರೀತಿ ಲೆಕ್ಕ ಹಾಕಿರಿ.

ಮನೆಯ ವೈರಿಂಗಿನ ಗಟ್ಟಿ ಎಳೆಯ ತಂತಿಯನ್ನು ಬಳಸಬಾರದು. ಅದುರಾಟಕ್ಕೆ ಅದು ಮುರಿಯುತ್ತದೆ. ಅನೇಕ ಸಣ್ಣ ಎಳೆಗಳನ್ನು ಹೆಣೆದ ವಾಹನದ ತಂತಿಯನ್ನೇ ಕೊಳ್ಳಬೇಕು.

ಮೀಟರನ್ನು ಜೋಡಿಸುವ ಕ್ರಮ

1. ಎಂಜಿನ್ನು ನಿಲ್ಲಿಸಿ, ಕೀ ತೆಗೆದು, ಬ್ಯಾಟರಿಯ ಅರ್ತ್ ತುದಿಯನ್ನು ಮೊದಲು ಕಳಚಿರಿ. ಇನ್ನೊಂದು ತುದಿಯನ್ನು ಮೊದಲು ಕಳಚಿದರೆ ಸ್ಪ್ಯಾನರು ಮೈಗೆ ತಗುಲಿ ಕಿಡಿ ಹಾರಬಹುದು. ಚಾರ್ಜಾಗುವ ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ ಅನಿಲಕ್ಕೆ ಕಿಡಿ ತಾಗಿದರೆ ಅದು ಸಿಡಿಯುತ್ತದೆ. ಕೊನೆಯಲ್ಲಿ ಜೋಡಿಸುವಾಗ ಅರ್ತ್ ತುದಿಯೇ ಕೊನೆಯದಾಗಿರಬೇಕು.

2. ಹಳೆಯ ತಂತಿಗಳನ್ನು ಬಿಚ್ಚುವ ಮೊದಲು ಪ್ರತಿಯೊಂದಕ್ಕೂ ಕಾಗದದ ಚೀಟಿ ಅಂಟಿಸಿ ಎಲ್ಲಿಯದೆಂದು ಬರೆಯಿರಿ.

3. ಮೀಟರು ಮತ್ತು ಸೆನ್ಸರನ್ನು ಒಂದೇ ತಯಾರಿಕೆಯ ಜೊತೆಯಾಗಿ ಕೊಳ್ಳಿರಿ. ಜೊತೆ ತಪ್ಪಿದರೆ ಮುಳ್ಳು ಸುಳ್ಳು ಹೇಳುತ್ತದೆ.

4. ಸೆನ್ಸರನ್ನು ಎಂಜಿನ್ನಿಗೆ ತಿರುಗಿಸಿ ಕೂರಿಸುವಾಗ ಮರೆಗೆ ಬಿಳಿ ಟೇಪನ್ನು ದಪ್ಪವಾಗಿ ಸುತ್ತಬೇಡಿರಿ. ಒಂದೇ ತಂತಿಯ ಸೆನ್ಸರಿಗೆ ಅರ್ತ್ ಸಿಗುವುದು ಆ ಮರೆಯ ಮೂಲಕವೇ. ಟೇಪು ಅದನ್ನು ತಡೆಯುತ್ತದೆ.

5. ಮೀಟರಿನ ಹಿಂದೆ ಸಾಮಾನ್ಯವಾಗಿ ಮೂರು ತುದಿಗಳಿರುತ್ತವೆ. ಒಂದಕ್ಕೆ ಕೀ ಸ್ವಿಚ್ಚಿನಿಂದ ಫ್ಯೂಸಿನ ಮೂಲಕ ಬರುವ ತಂತಿ, ಇನ್ನೊಂದಕ್ಕೆ ಸೆನ್ಸರಿನ ತಂತಿ, ಮೂರನೆಯದಕ್ಕೆ ಅರ್ತ್ ತಂತಿ. ಪ್ಲಾಸ್ಟಿಕ್ ಬೋರ್ಡಿನಲ್ಲಿ ಮೀಟರು ಕೂರಿಸಿದ್ದರೆ ಅರ್ತ್ ತಂತಿಯನ್ನು ಪ್ರತ್ಯೇಕವಾಗಿ ಎಳೆಯಲೇಬೇಕು.

6. ತಂತಿಯು ತಗಡಿನ ತೂತಿನಲ್ಲಿ ಹಾಯುವಲ್ಲಿ ರಬ್ಬರ್ ಬುಷ್ ಹಾಕಿರಿ. ಸೈಲೆನ್ಸರು, ಫ್ಯಾನು, ಸ್ಟಿಯರಿಂಗು ಮತ್ತು ಕ್ಲಚ್ಚಿನ ಸನ್ನೆಗಳಿಂದ ತಂತಿ ದೂರವಿರಲಿ. ಗೇಣಿಗೊಂದು ಕಡೆ ಕಟ್ಟಿರಿ.

7. ತುದಿಗಳನ್ನು ಬರಿದೇ ಹೊಸೆದು ಟೇಪು ಸುತ್ತಿದರೆ ಬಹಳ ದಿನ ಬಾರದು. ತಾಮ್ರದ ಲಗ್ಗನ್ನು ಹಾಕಿ ಒತ್ತಿ, ಮೇಲೆ ಸ್ಲೀವು ಏರಿಸಿರಿ.

ಆಂಪಿಯರ್ ಮೀಟರಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಇದು ಕರೆಂಟು ಹರಿಯುವ ದಾರಿಯ ಮಧ್ಯದಲ್ಲಿರಬೇಕು. ಬ್ಯಾಟರಿಯ ಎರಡು ತುದಿಗಳಿಗೆ ಅಡ್ಡಲಾಗಿ ಎಂದೂ ಜೋಡಿಸಬಾರದು. ಹಾಗೆ ಜೋಡಿಸಿದೊಡನೆ ಅದು ಸುಟ್ಟುಹೋಗುತ್ತದೆ. ವೋಲ್ಟ್ ಮೀಟರು ಇದಕ್ಕೆ ವಿರುದ್ಧ. ಒಂದು ತುದಿ ಕೀ ಸ್ವಿಚ್ಚಿಗೆ, ಇನ್ನೊಂದು ಅರ್ತಿಗೆ. ಕೆಟ್ಟ ಆಂಪಿಯರ್ ಮೀಟರನ್ನು ತೆಗೆದು ಅದರ ಜಾಗದಲ್ಲಿ ವೋಲ್ಟ್ ಮೀಟರು ಹಾಕುವುದಾದರೆ, ಮೊದಲಿನ ಮೀಟರಿಗೆ ಬರುತ್ತಿದ್ದ ಎರಡು ದಪ್ಪ ತಂತಿಗಳನ್ನು ಬೋಲ್ಟಿನಿಂದ ಒಂದಕ್ಕೊಂದು ಬಿಗಿದು, ಮೇಲೆ ಭದ್ರವಾದ ಹೊದಿಕೆ ಹಾಕಬೇಕು. ಇದನ್ನು ಮರೆತರೆ ಬ್ಯಾಟರಿಗೆ ಚಾರ್ಜೇ ಆಗುವುದಿಲ್ಲ.

ಹೊಲದ ದೀಪಕ್ಕೆ ಸ್ವಿಚ್ಚು ಮತ್ತು ರಿಲೇ

ಕೆಸರು ಗದ್ದೆಯ ಕೆಲಸ ಅಥವಾ ಒಕ್ಕಣೆ ರಾತ್ರಿಯವರೆಗೂ ನಡೆಯುವಾಗ ಹಿಂಬದಿಗೆ ದೀಪ ಬೇಕಾಗುತ್ತದೆ. ಎರಡು ದೀಪಗಳ ಪೂರ್ತಿ ಕರೆಂಟನ್ನು ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚಿನ ಮೂಲಕ ಹಾಯಿಸಿದರೆ ಸ್ವಿಚ್ಚು ಕಾದು ಕರಗುತ್ತದೆ. ಇದಕ್ಕೆ ಪರಿಹಾರ ರಿಲೇ. ರಿಲೇಯೊಳಗಿನ ಸಣ್ಣ ಸುರುಳಿಗೆ ಕಾಲು ಆಂಪಿಯರಿಗಿಂತಲೂ ಕಡಿಮೆ ಕರೆಂಟು ಸಾಕು. ಅದು ಅಯಸ್ಕಾಂತವಾಗಿ, ದೊಡ್ಡ ಕರೆಂಟಿನ ಸಂಪರ್ಕವನ್ನು ಮುಚ್ಚುತ್ತದೆ.

ರಿಲೇಯ ನಾಲ್ಕು ಕಾಲುಗಳಿಗೂ ಅಂಕಿಗಳಿರುತ್ತವೆ. 30ಕ್ಕೆ ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸಿನ ಮೂಲಕ ಬರುವ ದಪ್ಪ ತಂತಿ, 87ರಿಂದ ದೀಪಗಳಿಗೆ ದಪ್ಪ ತಂತಿ, 86ಕ್ಕೆ ಡ್ಯಾಶ್‌ಬೋರ್ಡಿನ ಸ್ವಿಚ್ಚಿನಿಂದ ತೆಳು ತಂತಿ, 85ಕ್ಕೆ ಅರ್ತ್. ಸ್ವಿಚ್ಚಿಗೆ ಮೀಟರುಗಳ ಫ್ಯೂಸಿನಿಂದಲೇ ಕರೆಂಟು ಕೊಟ್ಟರೆ, ಕೀ ತೆಗೆದಾಗ ದೀಪವೂ ಆರುತ್ತದೆ. ರಿಲೇಯನ್ನು ನೀರು ಬೀಳದ ಜಾಗದಲ್ಲಿ, ಕಾಲುಗಳು ಕೆಳಮುಖವಾಗಿರುವಂತೆ ಕೂರಿಸಬೇಕು.

ಹಿಂಬದಿಯ ಬಿಳಿ ದೀಪವನ್ನು ರಸ್ತೆಗೆ ಇಳಿಯುವ ಮೊದಲು ಆರಿಸಲೇಬೇಕು. ಅದು ಹಿಂದೆ ಬರುವವರ ಕಣ್ಣು ಕೋರೈಸುತ್ತದೆ. ಮಂಡ್ಯ, ಬೆಳಗಾವಿ ಕಡೆ ರಾತ್ರಿ ಕಬ್ಬು ಸಾಗಿಸುವ ಟ್ರೇಲರುಗಳಿಗೆ ಬೇಕಾದುದು ಕೆಂಪು ದೀಪ ಮತ್ತು ಪ್ರತಿಫಲಕ. ಇವು ಕೆಲಸ ಮಾಡುತ್ತಿವೆಯೇ ಎಂದು ಹೊರಡುವ ಮುನ್ನ ಇಳಿದು ನೋಡಬೇಕು.

ಮಾಡಬಾರದ ಕೆಲಸಗಳು

ಸುಟ್ಟ ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ, ಮೊಳೆ ಅಥವಾ ಸಿಗರೇಟು ಪೊಟ್ಟಣದ ಬೇಗಡೆಯನ್ನು ಹಾಕಬಾರದು. ಮತ್ತೆ ಮತ್ತೆ ಫ್ಯೂಸು ಸುಡುತ್ತಿದ್ದರೆ ದೊಡ್ಡ ಫ್ಯೂಸು ಹಾಕದೆ, ತಂತಿ ಎಲ್ಲಿ ತಗುಲುತ್ತಿದೆ ಎಂದು ಹುಡುಕಬೇಕು.

ಎಂಜಿನ್ನು ಓಡುತ್ತಿರುವಾಗ ಬ್ಯಾಟರಿಯ ತುದಿ ಕಳಚಬಾರದು. ಆಲ್ಟರ್ನೇಟರಿನೊಳಗಿನ ಡಯೋಡುಗಳು ಸುಟ್ಟುಹೋಗುತ್ತವೆ. ಅದೇ ಕಾರಣದಿಂದ, ಟ್ರ್ಯಾಕ್ಟರಿಗೆ ವೆಲ್ಡಿಂಗ್ ಮಾಡಿಸುವ ಮುನ್ನ ಬ್ಯಾಟರಿ ಮತ್ತು ಆಲ್ಟರ್ನೇಟರಿನ ತಂತಿಗಳನ್ನು ಬಿಡಿಸಬೇಕು.

50 ಅಶ್ವಶಕ್ತಿಗಿಂತ ಹೆಚ್ಚಿನ ಹೊಸ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಬಿಗಿಯಾದ ಹೊಗೆ ನಿಯಮಗಳು ಜಾರಿಗೆ ಬಂದಿವೆ. ಇಂತಹ ಟ್ರ್ಯಾಕ್ಟರುಗಳಲ್ಲಿ ಡೀಸೆಲ್ ಪೂರೈಕೆಯನ್ನು ಎಲೆಕ್ಟ್ರಾನಿಕ್ ಪೆಟ್ಟಿಗೆ ನಿಯಂತ್ರಿಸುತ್ತಿದ್ದರೆ ಅದರ ತಂತಿಗಳನ್ನು ಕೊಯ್ದು ಕವಲು ತೆಗೆಯಬಾರದು. ಮೇಲೆ ಹೇಳಿದ ಮುಟ್ಟಿಸಿ ನೋಡುವ ಪರೀಕ್ಷೆಯನ್ನೂ ಮಾಡಬಾರದು. ದೀಪ ಬೇಕಾದರೆ ಬ್ಯಾಟರಿಯಿಂದಲೇ ಪ್ರತ್ಯೇಕ ಫ್ಯೂಸು ಮತ್ತು ರಿಲೇಯ ಮೂಲಕ ಎಳೆಯಬೇಕು. ಗ್ಯಾರಂಟಿಯ ಅವಧಿಯಲ್ಲಿ ಯಾವ ಟ್ರ್ಯಾಕ್ಟರೇ ಆಗಲಿ, ಮಾರಾಟಗಾರರ ವರ್ಕ್‌ಶಾಪಿನಲ್ಲಿ ಕೇಳಿಕೊಂಡೇ ಕೈಹಾಕುವುದು ಮೇಲು.

ಪ್ರತಿದಿನದ ಪರೀಕ್ಷೆ

ಬೆಳಿಗ್ಗೆ ಟ್ರ್ಯಾಕ್ಟರು ಹತ್ತಿದಾಗ ಕೀ ತಿರುಗಿಸಿ, ಸ್ಟಾರ್ಟ್ ಮಾಡುವ ಮೊದಲು, ಆಯಿಲ್ ಮತ್ತು ಚಾರ್ಜು ದೀಪಗಳು ಹೊತ್ತುತ್ತವೆಯೇ ನೋಡಿರಿ. ಚಾಲೂ ಆದ ಮೇಲೆ ಅವು ಆರಿದುವೇ, ಪ್ರೆಶರ್ ಮುಳ್ಳು ಮೇಲೆದ್ದಿತೇ ನೋಡಿರಿ. ಕೆಲಸದ ನಡುವೆ, ಪ್ರತಿ ಬಾರಿ ಹೊಲದ ತುದಿಯಲ್ಲಿ ತಿರುಗಿಸುವಾಗ ಉಷ್ಣತೆಯ ಮುಳ್ಳಿನ ಮೇಲೆ ಒಮ್ಮೆ ಕಣ್ಣು ಹಾಯಿಸಿರಿ. ತಿಂಗಳಿಗೊಮ್ಮೆ ಬ್ಯಾಟರಿಯ ತುದಿಗಳನ್ನು ಬಿಸಿನೀರಿನಲ್ಲಿ ತೊಳೆದು ವ್ಯಾಸಲೀನ್ ಸವರಿರಿ. ಇಲಿ ಕಡಿದ ತಂತಿಗಳಿವೆಯೇ ಎಂದು ನೋಡಿರಿ. ಟ್ರ್ಯಾಕ್ಟರು ಓಡಿಸುವ ಆಳಿಗೂ, ಮನೆಯ ಹುಡುಗರಿಗೂ ಪ್ರತಿಯೊಂದು ಮೀಟರಿನ ಅರ್ಥವನ್ನು ತಿಳಿಸಿಕೊಡಿರಿ. ಮೀಟರು ಸರಿಯಾಗಿದ್ದು ನೋಡುವವರಿಗೆ ಅರ್ಥವಾಗದಿದ್ದರೆ ಪ್ರಯೋಜನವಿಲ್ಲ.

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿ ಫಲವಿಲ್ಲ. ನಿಮ್ಮ ಟ್ರ್ಯಾಕ್ಟರಿನಲ್ಲಿ ಆಯಿಲ್ ಪ್ರೆಶರ್ ಮತ್ತು ಉಷ್ಣತೆ ತೋರಿಸುವ ಎರಡು ಮೀಟರುಗಳಲ್ಲಿ ಒಂದಾದರೂ ಕೆಟ್ಟಿದ್ದರೆ ಮುಂದಿನ ಹಂಗಾಮಿನ ಉಳುಮೆಗೆ ಇಳಿಯುವ ಮೊದಲೇ ಸರಿಪಡಿಸಿಕೊಳ್ಳಿರಿ. ಫ್ಯೂಸಿಲ್ಲದ ತಂತಿ ಕಂಡರೆ ಅದಕ್ಕೆ ಇಂದೇ ಫ್ಯೂಸು ಹಾಕಿರಿ. ಹೆಚ್ಚಿನ ತಿಳಿವಳಿಕೆ ಬೇಕಾದವರು ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ವಿಚಾರಿಸಬಹುದು.